ಬೆಟ್ಟದ ಕಾಲುನೋವು

"ಇನ್ನೂ ಊದ್ತಾ ಅದೋ ಇಲ್ವೋ?"

ಚನ್ನಾಜಮ್ಮ ಇದನ್ನು ಯಾರನ್ನೂ ಕೇಳಲಿಲ್ಲ. ಜಗಲಿಯ ಮೇಲೆ ಅವರನ್ನು ಬಿಟ್ಟರೆ ಬಿಸಿಲಿಗೆ ಹರಡಿದ ಹುರುಳಿ, ಅದರ ಅಂಚಿನಲ್ಲೊಂದು ಗುಬ್ಬಚ್ಚಿ, ಎದುರಿಗೆ ಬೆಟ್ಟ. ಕೇಳಿದರು, ಉತ್ತರಕ್ಕೆ ಕಾಯದೆ ಮತ್ತೆ ಮೊರಕ್ಕೆ ಕೈ ಹಾಕಿದರು.

ಒಳಗೆ ಜಡೆ ಹೆಣೆದುಕೊಳ್ಳುತ್ತಿದ್ದ ಸೊಸೆ ಗುರುಮಲ್ಲಮ್ಮನಿಗೆ ಅದು ಕೇಳಿಸಿತು. ಉತ್ತರ ಹೇಳಬೇಕಾದವಳು ಒಂದು ಲೆಕ್ಕದಲ್ಲಿ ಅವಳೇ. ಕೊಂಬುಗಲ್ಲು ಬೆಟ್ಟದ ಮೇಲೆ ದಿನವೂ ಯಾರು ಯಾವ ದಾರಿಯಲ್ಲಿ ನಡೆಯಬೇಕೆಂದು ನೋಡಿಕೊಳ್ಳುವುದು ಅವಳ ಕೆಲಸ. ಆದರೆ ಅತ್ತೆ ಕೇಳಿದ ಕೊಂಬುಗಲ್ಲು ಬಂಡೆಯ ಬುಡಕ್ಕೆ ಮೂರು ಮಳೆಗಾಲಗಳಿಂದ ಯಾರೂ ಹೋಗಿರಲಿಲ್ಲ. ಅದು ಊದುತ್ತಿದೆಯೋ ಇಲ್ಲವೋ ಅವಳಿಗೂ ತಿಳಿಯದು.

ಬೆಟ್ಟಕ್ಕೆ ಹೆಸರು ಬಂದಿದ್ದು ಆ ಬಂಡೆಯಿಂದಲೇ. ಪಡುವಣ ಅಂಚಿನಲ್ಲಿ, ಹುಲ್ಲುಗಾವಲು ಮುಗಿದು ಪಾತಾಳ ಶುರುವಾಗುವ ಕಡೆ, ಅದು ಒಂಟಿಯಾಗಿ ನಿಂತಿದೆ. ಮಳೆನೀರು ಯಾವ ಕಾಲದಲ್ಲೋ ಅದರ ಮೈಯನ್ನು ಒಳಗಿಂದೊಳಗೇ ಕೊರೆದು, ಒಂದು ಕಡೆ ಹಿರಿಬಾಯಿ, ಇನ್ನೊಂದು ಕಡೆ ಕಿರಿಬಾಯಿ ಮಾಡಿದೆ. ಆಷಾಢದ ಗಾಳಿ ಸರಿಯಾದ ಓರೆಯಲ್ಲಿ ಬಿದ್ದಾಗ ಬಂಡೆ ಊದುತ್ತದೆ. ಹೆಸರಿಗೆ ಕೊಂಬು, ಆದರೆ ಕೊಂಬಿನ ಅಬ್ಬರ ಅದಕ್ಕಿಲ್ಲ. ತಂಬೂರಿಯ ತಗ್ಗಿನ ತಂತಿಯಂತೆ ಒಂದೇ ಸ್ವರ, ಉದ್ದಕ್ಕೆ, ಅವಸರವಿಲ್ಲದೆ. ಅದು ಕಿವಿಗಿಂತ ಮೊದಲು ಎದೆಗೂಡಿಗೆ ಕೇಳುತ್ತದೆ.

ಚನ್ನಾಜಮ್ಮನ ತಂದೆ ಊರೂರಿಗೆ ಹೋಗಿ ಕಾವ್ಯ ಓದುತ್ತಿದ್ದವರು. ಮನೆಯಲ್ಲಿ ಶ್ರುತಿಪೆಟ್ಟಿಗೆ ಇರಲಿಲ್ಲ. ಆಷಾಢ ಬಂದರೆ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂಡೆಯ ಬಳಿ ಹೋಗುವರು. "ಇಲ್ಲಿ ಹಿಡ್ಕೊ ಕೂಸೆ. ವರ್ಸ ಪೂರ್ತಿ ಬುಡಬ್ಯಾಡ," ಎನ್ನುವರು. ಅಕ್ಷರ ಕಲಿಯದ ಆ ಹುಡುಗಿ ಕೇಳಿಕೇಳಿಯೇ ಪದ್ಯಗಳ ದೊಡ್ಡ ರಾಶಿಯನ್ನು ಗಂಟಲಲ್ಲಿ ತುಂಬಿಕೊಂಡಳು. ಮದುವೆಯಾಗಿ, ಮಗ ಹುಟ್ಟಿ, ಮುದುಕಿಯಾದ ಮೇಲೂ ಸಂಜೆ ದೀಪ ಹಚ್ಚಿದೊಡನೆ ಒಂದು ಸಂಧಿಯಾದರೂ ಹೇಳದೆ ಅವರು ಊಟಕ್ಕೆ ಕೂತವರಲ್ಲ.

ಈಗ ನಿಲ್ಲಿಸಿದ್ದರು. ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿ ಹೋಗುತ್ತಿತ್ತು. ಡಾಕ್ಟರು ಕಿವಿಗೊಂದು ಯಂತ್ರ ಹಾಕಿದ್ದರು. ಅದು ಬುದ್ಧಿವಂತ ಯಂತ್ರ. ಮಾತನ್ನು ಎತ್ತಿ ಕೊಡುತ್ತಿತ್ತು, ಗಾಳಿಯ ಸದ್ದನ್ನು ಗಲಾಟೆಯೆಂದು ತಿಳಿದು ಒರೆಸಿ ಹಾಕುತ್ತಿತ್ತು. "ಪದ ಎಲ್ಲಾ ನೆಪ್ಪದೆ. ನಿಂತ್ಕೊಳ್ಳಕ್ಕೆ ಜಾಗ ಸಿಕ್ತಾ ಇಲ್ಲ," ಎಂದು ಅವರು ಒಂದು ಸಲ ಹೇಳಿದ್ದರು, ಶ್ರುತಿಯ ಮಾತು. ಮಗ ರಾಚಪ್ಪ ಬಂಡೆಯ ಹಳೆಯ ಧ್ವನಿಮುದ್ರಣವೊಂದನ್ನು ಹುಡುಕಿ ತಂದು ಕೇಳಿಸಿದ. ಅವರು ತಾಳ್ಮೆಯಿಂದ ಪೂರ್ತಿ ಕೇಳಿ, "ಇದು ಫೋನು ಊದಿದ್ದು ಕನಪ್ಪ," ಎಂದರು.

ಎಡಗಿವಿಯಲ್ಲಿ ಉಳಿದಿರುವುದು ಮುಂದಿನ ವರ್ಷದವರೆಗೆ ಇರುತ್ತದೆಂದು ಹೇಳಲಾರೆ ಎಂದಿದ್ದರು ಡಾಕ್ಟರು. ಹಾಗಾಗಿ ಬಂಡೆಯನ್ನು ಕೇಳುವುದಿದ್ದರೆ ಈ ಆಷಾಢವೇ. ಇದು ಆ ಮನೆಯ ಮೂವರಿಗೂ ಗೊತ್ತಿತ್ತು. ಚನ್ನಾಜಮ್ಮ ಮಾತ್ರ ಸೊಸೆಯನ್ನು ಒಂದು ದಿನವೂ "ನನ್ನ ಕರ್ಕೊಂಡೋಗು" ಎಂದು ಕೇಳಲಿಲ್ಲ. ಗಾಳಿಯನ್ನು ಕೇಳಿದರು, ಗುಬ್ಬಚ್ಚಿಯನ್ನು ಕೇಳಿದರು.

*

ಗುರುಮಲ್ಲಮ್ಮ ಕೆಲಸ ಮಾಡುವ ಕಟ್ಟಡಕ್ಕೆ ಅರಣ್ಯ ಇಲಾಖೆಯ ಫಲಕದಲ್ಲಿ ಉದ್ದನೆಯ ಹೆಸರಿದೆ. ಊರಿನ ಬಾಯಲ್ಲಿ ಅದು ದಾರಿಮನೆ.

ಹಿಂದೆ ಬೆಟ್ಟಕ್ಕೆ ಒಂದೇ ದಾರಿಯಿತ್ತು. ರಜೆ ಬಂದರೆ ಆ ಒಂದೇ ದಾರಿಯ ಮೇಲೆ ಸಾವಿರ ಕಾಲು. ಹುಲ್ಲು ಸತ್ತು, ಮಣ್ಣು ಕೊಚ್ಚಿಹೋಗಿ, ಬೇರು ಹಗ್ಗದ ಹಾಗೆ ಮೇಲೆದ್ದಿತ್ತು. ಬೆಟ್ಟವನ್ನು ಮುಚ್ಚಿಬಿಡುವುದೆಂಬ ಮಾತೂ ಬಂದಿತ್ತು. ಆಗ ಬಂದದ್ದು ಈ ಏರ್ಪಾಡು. ಬೆಟ್ಟದ ಉದ್ದಗಲಕ್ಕೂ ಮಣ್ಣಿನೊಳಗೆ ಕೂದಲೆಳೆಯಷ್ಟು ಸಣ್ಣ ತಂತುಗಳನ್ನು ಬಿತ್ತಿದರು. ಬೇರು ಎಷ್ಟು ನೀರು ಕುಡಿಯುತ್ತಿದೆ, ಮಣ್ಣು ಎಷ್ಟು ಉಸಿರಾಡುತ್ತಿದೆ, ಅದರೊಳಗೆ ವಿದ್ಯುತ್ತು ಎಷ್ಟು ಸರಾಗವಾಗಿ ಹರಿಯುತ್ತಿದೆ ಎಂಬುದನ್ನು ಅವು ಬಿಡದೆ ಹೇಳುತ್ತವೆ. ಮೂರನ್ನೂ ಕೂಡಿಸಿ ಯಂತ್ರ ಒಂದೇ ಮಾತಿಗೆ ಇಳಿಸುತ್ತದೆ: ಈ ನೆಲ ದಣಿದಿದೆ, ಅಥವಾ ಇಲ್ಲ. ದಣಿಯದ ನೆಲಗಳನ್ನೆಲ್ಲ ಪೋಣಿಸಿ ಅಂದಿನ ದಾರಿ ಹಾಕುತ್ತದೆ. ನಿನ್ನೆಯ ದಾರಿ ಇಂದಿಲ್ಲ.

ದಾರಿ ಕಣ್ಣಿಗೆ ಕಾಣುವಂಥದ್ದಲ್ಲ, ಕೈಗೆ ತಿಳಿಯುವಂಥದ್ದು. ಬಾಗಿಲಲ್ಲಿ ಪ್ರತಿಯೊಬ್ಬರಿಗೂ ಒಂದು ಊರುಗೋಲು ಕೊಡುತ್ತಾರೆ. ಅದರೊಳಗಿನ ಚಕ್ರ ತಿರುಗಿ, ಹೋಗಬೇಕಾದ ಕಡೆಗೆ ಮೆಲ್ಲನೆ ವಾಲುತ್ತದೆ. ಜಾತ್ರೆಯಲ್ಲಿ ಮಗು ಸೆರಗು ಎಳೆಯುತ್ತದಲ್ಲ, ಅಷ್ಟೇ. ಒಂದು ದಿನ ಅದು ಜನರನ್ನು ಆನೆಬೆನ್ನು ಎಂಬ ಗುಡ್ಡದ ಹುಲ್ಲಿನ ಮೇಲೆ ಒಯ್ಯುತ್ತದೆ, ಇನ್ನೊಂದು ದಿನ ಕಪ್ಪೆಗುಂಡಿಯಲ್ಲಿ ಈಜಲು ಬಿಡುತ್ತದೆ, ಮತ್ತೊಂದು ದಿನ ಶೋಲೆ ಕಾಡಿನ ಕತ್ತಲಲ್ಲಿ ಹಕ್ಕಿ ನೋಡುತ್ತ ಕೂರಿಸುತ್ತದೆ. ಮೊದಮೊದಲು ಬೈದವರೇ ಈಗ, "ಇವತ್ತು ಬೆಟ್ಟ ಏನು ಬಡಿಸ್ತದೋ ನೋಡೋಣ," ಎಂದು ಬುತ್ತಿ ಕಟ್ಟಿಕೊಂಡು ಬರುತ್ತಾರೆ.

ಈ ಬದಲಾವಣೆಯಿಂದ ನಿಜವಾಗಿ ಕಷ್ಟಕ್ಕೆ ಬಿದ್ದವನು ರಾಚಪ್ಪ. ಅವನದು ಟೀ ಗಾಡಿ. ಗ್ರಾಹಕರು ಇವತ್ತು ಮೂಡಲಲ್ಲಿ ಇಳಿದರೆ ನಾಳೆ ತೆಂಕಲಲ್ಲಿ. ಬ್ಯಾಟರಿಯ ಗಾಡಿಯನ್ನು ಹಳೆಯ ಬಂಡಿಜಾಡಿನಲ್ಲಿ ಓಡಿಸುತ್ತ ಅವನು ದಿನವೂ ಜನರನ್ನು ಹುಡುಕಬೇಕು. ದಾರಿ ಹಾಕುವವಳು ತನ್ನ ಮಗ್ಗುಲಲ್ಲೇ ಉಣ್ಣುತ್ತಿದ್ದಾಳೆ ಎಂಬುದು ಅವನ ದೊಡ್ಡ ನೋವು.

"ಅಮ್ಮಿ, ನಾಳೆ ದಾರಿ ಎಲ್ಗೆ?" ಎಂದು ಒಂದು ರಾತ್ರಿ ಊಟಕ್ಕೆ ಕೂತು ಹೆಂಡತಿಯನ್ನು ಕೇಳಿದ.

"ಬೆಳಿಗ್ಗೆ ಕೋಲು ಹೇಳ್ತದೆ."

"ಕೋಲೇನು ನನ್ನ ಕಟ್ಕೊಂಡದಾ?"

"ಕೋಲು ಕಟ್ಕೊಂಡಿದ್ರೆ ಇಷ್ಟೊತ್ಗೆ ನಿಮ್ಮನ್ನೂ ದಾರಿಗೆ ತರ್ತಿತ್ತು. ಮುದ್ದೆ ತಣ್ಣಗಾಯ್ತದೆ, ಉಣ್ಣಿ."

ಆದರೆ ಆ ರಾತ್ರಿ ರಾಚಪ್ಪ ತಮಾಷೆಯನ್ನು ಅಲ್ಲಿಗೇ ಬಿಡಲಿಲ್ಲ. ಅವ್ವನ ಕಡೆ ನೋಡಿ ದನಿ ತಗ್ಗಿಸಿದ. ಅವ್ವನಿಗೆ ಕೇಳಿಸದೆಂದು ಗೊತ್ತಿದ್ದೂ ತಗ್ಗಿಸಿದ. "ಕೈದಾರಿ ಹಾಕಕ್ಕೆ ಬರ್ತದಂತಲ್ಲ, ಯಂತ್ರ ಬ್ಯಾಡ ಅಂದ್ರೂನೂವೆ. ಒಂದು ದಿನ. ಅವ್ವ ಒಬ್ಬಳೇ. ಅವಳ ಕಾಲು ಬಿದ್ರೆ ಬೆಟ್ಟ ಕುಸಿದೋಯ್ತದಾ?"

ಗುರುಮಲ್ಲಮ್ಮ ಅವನ ತಟ್ಟೆಗೆ ಸಾರು ಬಡಿಸಿದಳು. ಕೈದಾರಿ ಹಾಕುವ ಗುಂಡಿಯ ಮೇಲೆ ಅವಳ ಬೆರಳು ಹೋಗಿ ಹಿಂದೆ ಬಂದಿದ್ದು ಅವನಿಗೆ ತಿಳಿಯದು. ಬೆಂಕಿ ಬಿದ್ದಾಗ, ಯಾರಾದರೂ ಬಿದ್ದು ಕಾಲು ಮುರಿದುಕೊಂಡಾಗ ಒತ್ತಬೇಕಾದ ಗುಂಡಿ ಅದು. ಅತ್ತೆಗೆಂದು ಒಂದು ಸಲ ಒತ್ತಿದರೆ ಊರಿನ ಪ್ರತಿ ಮನೆಯಲ್ಲೂ ಒಬ್ಬೊಬ್ಬ ಅತ್ತೆ ಇದ್ದಾಳೆ. ಅದಕ್ಕಿಂತ ಹೆಚ್ಚಾಗಿ, ದಣಿದವರನ್ನು ತುಳಿದು ಕೇಳಿದ ಹಾಡು ಅತ್ತೆಗೆ ರುಚಿಸುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಅದು ಹಸಿರಾಗಲಿ," ಎಂದಳು.

ಹಸಿರಾಗುವುದು ಕಂಬ. ಬೆಟ್ಟದ ಒಂದೊಂದು ಹರವಿಗೂ ಒಂದೊಂದು ಮೋಟು ಕಂಬ ನೆಟ್ಟಿದ್ದರು, ತಲೆಯ ಮೇಲೆ ಪುಟ್ಟ ದೀಪ. ನೆಲ ಚೆನ್ನಾಗಿದ್ದರೆ ಹಸಿರು, ದಣಿದಿದ್ದರೆ ಕೆಂಪು. ಬೇರೆ ಕಡೆಯ ಕಂಬಗಳು ಕೆಲವು ವಾರ ಕೆಂಪಾಗಿ, ಸುಧಾರಿಸಿಕೊಂಡು ಹಸಿರಾಗುತ್ತಿದ್ದವು. ಕೊಂಬುಗಲ್ಲಿನ ಕಂಬ ಮಾತ್ರ ಕೆಂಪಿಗೆ ತಿರುಗಿದ್ದು ಮತ್ತೆ ತಿರುಗಲೇ ಇಲ್ಲ. ಯಾರೂ ತುಳಿಯದಿದ್ದರೂ ಆ ನೆಲ ವರ್ಷದಿಂದ ವರ್ಷಕ್ಕೆ ಹೆಚ್ಚು ದಣಿಯುತ್ತಿತ್ತು. ಯಾಕೆಂದು ಯಾರಿಗೂ ಹೊಳೆದಿರಲಿಲ್ಲ.

*

ಹೊಳೆಯಿತು ಎಂದುಕೊಂಡವರು ಡಾಕ್ಟರ್ ಅನ್ನದಾನಿ. ಗದಗಿನ ಕಡೆಯವರು, ಮಣ್ಣಿನ ವಿಜ್ಞಾನಿ, ದಾರಿಮನೆಯ ಹಿಂದಿನ ಕೋಣೆಯಲ್ಲಿ ಅವರ ಪ್ರಯೋಗಶಾಲೆ. ಬೇಸಿಗೆಯ ಕೊನೆಯಲ್ಲಿ ಒಂದು ಬೆಳಿಗ್ಗೆ ಅವರು ಗುರುಮಲ್ಲಮ್ಮನ ಪರದೆಯ ಮುಂದೆ ಬಂದು ನಿಂತರು. ಅವರ ಮುಖ ಮದುವೆಮನೆಯ ಹಾಗೆ ಬೆಳಗುತ್ತಿತ್ತು.

"ಮೇಡಂ, ಇದನ್ನ ನೋಡ್ರಿ ಒಂಚೂರು."

ರಾತ್ರಿಯ ಕ್ಯಾಮೆರಾದ ಚಿತ್ರ. ಕೊಂಬುಗಲ್ಲಿನ ಕಂಬದ ಬುಡದಲ್ಲಿ ಐದಾರು ಕಾಟಿಗಳು, ಆ ಬೆಟ್ಟದ ಕಾಡುಕೋಣಗಳು, ಮನೆಯ ದನಗಳಂತೆ ಸಾಲಾಗಿ ನಿಂತು ನೆಲ ನೆಕ್ಕುತ್ತಿದ್ದವು. ಒಂದು ಕಂಬವನ್ನೇ ನೆಕ್ಕುತ್ತಿತ್ತು. ಸುತ್ತಲಿನ ಮಣ್ಣು ಗೊರಸಿನಡಿ ಉತ್ತ ಹೊಲದಂತಾಗಿತ್ತು.

"ಮಣ್ಣು ತರಿಸಿ ಪರೀಕ್ಷಾ ಮಾಡಿದೆ. ಉಪ್ಪು ಐತ್ರಿ, ಉಪ್ಪು. ಬೆಟ್ಟದಾಗ ಬ್ಯಾರೆ ಎಲ್ಲೂ ಇಲ್ಲ, ಅದೊಂದ ಕಡೆ. ಒಳಗಿಂದ ಉಪ್ಪಿನ ಸೆಲಿ ಒಡದೈತಿ ಅನಸ್ತೈತಿ ನನಗ."

"ಅದಕ್ಕೇ ಕೆಂಪಾ?"

"ಮತ್ತ? ನೆಲಕ್ಕ ಉಪ್ಪು ಬಿದ್ರ ಬೇರಿಗೆ ನೀರು ಕುಡಿಲಿಕ್ಕೆ ಆಗೂದಿಲ್ಲ, ನೀರು ಎದುರಿಗಿದ್ರೂನು. ವಿದ್ಯುತ್ತು ಬೇಕಾದ್ದಕ್ಕಿಂತ ಸರಾಗ ಹರೀತೈತಿ. ಮ್ಯಾಲ ಈ ಕಾಟಿಗೋಳ ಕುಣಿದಾಟ ಬ್ಯಾರೆ. ಮೂರೂ ಕೂಡಿದ್ರ ಯಂತ್ರ ಏನಂತೈತಿ? ದಣಿದೈತಿ ಅಂತೈತಿ." ಅವರು ಕಿಸೆಯಿಂದ ಒಂದು ಪೊಟ್ಟಣ ತೆಗೆದು ಬಿಚ್ಚಿದರು. ಚಿಟಿಕೆ ಮಣ್ಣು ನಾಲಿಗೆಗೆ ಇಟ್ಟುಕೊಂಡು ಕಣ್ಣು ಮುಚ್ಚಿದರು. "ನೋಡ್ತೀರೇನು?"

"ಬ್ಯಾಡಿ ಸಾರ್. ಈಗ ತಿಂಡಿ ಆಯ್ತು."

"ಗ್ರಾನೈಟ್ ಬೆಟ್ಟದಾಗ ಉಪ್ಪಿನ ಸೆಲಿ. ಬರೀಬೇಕು ಇದನ್ನ."

"ಹಾಗಾದ್ರೆ ಅದು ಇನ್ನು ಹಸಿರಾಗದಿಲ್ವಾ ಸಾರ್?"

"ಸೆಲಿ ಬತ್ತಿದ್ರ ಆಗಬೌದು. ನಮ್ಮ ಮೊಮ್ಮಕ್ಕಳ ಕಾಲಕ್ಕ," ಎಂದರು ಅವರು ಸಂತೋಷವಾಗಿ. ಅವಳ ಮುಖ ಅವರು ನೋಡಲಿಲ್ಲ.

ಯಂತ್ರ ಆ ದಿನ ಆನೆಬೆನ್ನಿನ ಮೇಲೆ ದಾರಿ ಹಾಕಿತು. ಮೈಸೂರಿನ ಒಂದು ಶಾಲೆಯ ಮಕ್ಕಳು ಬಂದಿದ್ದರು. ಅವರ ನಗು ಊರುಗೋಲುಗಳ ಮೂಲಕ ಕೋಣೆಯೊಳಗೂ ಬರುತ್ತಿತ್ತು. ಬೇರೆ ದಿನವಾಗಿದ್ದರೆ ಗುರುಮಲ್ಲಮ್ಮ ದನಿ ಏರಿಸಿ ಕೇಳುತ್ತಿದ್ದಳು.

*

ಮರುದಿನ ಅವಳಿಗೆ ರಜೆ. ಬೆಳಿಗ್ಗೆ ಹಿತ್ತಲಿಂದ ಬಂದವಳು ಅಡಿಗೆಮನೆಯ ಬಾಗಿಲಲ್ಲಿ ನಿಂತಳು. ಚನ್ನಾಜಮ್ಮ ಉಪ್ಪಿನ ಮಡಕೆಯ ಮುಂದೆ ಕೂತಿದ್ದರು. ಒಂದು ಹಿಡಿ ಕಲ್ಲುಪ್ಪು ತೆಗೆದು, ಮುತ್ತುಗದ ಎಲೆಗೆ ಹಾಕಿ, ಮಡಿಸಿ, ದಾರ ಸುತ್ತಿದರು. ಕಣ್ಣಿಗೊತ್ತಿಕೊಂಡರು. ಹೊರಗೆ ಗಾಡಿ ತಯಾರು ಮಾಡುತ್ತಿದ್ದ ಮಗನ ಕೈಗೆ ಕೊಟ್ಟರು. ಅವನು ಅದನ್ನು ಹಾಲಿನ ಕ್ಯಾನಿನ ಪಕ್ಕ ಇಟ್ಟುಕೊಂಡ. ದಿನವೂ ಇಟ್ಟುಕೊಳ್ಳುವವನ ಹಾಗೆ.

"ಏನದು?" ಎಂದಳು ಗುರುಮಲ್ಲಮ್ಮ.

"ಅವ್ವನ ಹರಕೆ," ಎಂದ ರಾಚಪ್ಪ. "ಬೆಟ್ಟಕ್ಕೆ ಕಾಲುನೋವಲ್ವಾ."

ಆ ಊರಿನಲ್ಲಿ ಕಾಲುನೋವಿಗೆ ಒಂದು ಪದ್ಧತಿಯಿದೆ. ಬೆಟ್ಟದ ಬುಡದ ಮೊದಲ ಮೆಟ್ಟಿಲಿಗೆ ಹಿಡಿ ಉಪ್ಪು ಹಾಕಿ ಕೈ ಮುಗಿಯುವುದು. ಮಳೆಗೆ ಉಪ್ಪು ಕರಗಿದ ಹಾಗೆ ನೋವು ಕರಗಲಿ ಎಂದು. ಮನುಷ್ಯರ ನೋವನ್ನು ಬೆಟ್ಟ ಅಷ್ಟು ಕಾಲ ಕರಗಿಸಿತ್ತು. ಈಗ ಬೆಟ್ಟವೇ ದಣಿದಿದೆ ಎಂದು ಇಲಾಖೆಯವರೇ ಕೆಂಪು ದೀಪ ಹಚ್ಚಿ ಹೇಳಿದ ಮೇಲೆ ಸುಮ್ಮನಿರುವುದು ಹೇಗೆ? ಬಂಡಿಜಾಡಿನ ಪಕ್ಕದಲ್ಲೇ ಕೊಂಬುಗಲ್ಲಿನ ಕಂಬ. ಪೊರಕೆಗೆ ಹಂಚಿಕಡ್ಡಿ ತರಲು ಹೋಗುವ ಹೆಂಗಸರು, ಸೀಗೆಕಾಯಿಗೆ ಹೋಗುವವರು, ಎಲ್ಲರೂ ಜಾಡು ಬಿಡದೆಯೇ, ಹೋಗುತ್ತ ಒಂದು ಹಿಡಿ ಎಸೆಯುವರು. ಚನ್ನಾಜಮ್ಮನದು ದಿನಕ್ಕೊಂದು ಹಿಡಿ, ಮಗನ ಕೈಯಲ್ಲಿ. ಕೆಂಪು ಇಳಿಯದಷ್ಟೂ ಹರಕೆ ಏರುತ್ತಿತ್ತು. ಹರಕೆ ಏರಿದಷ್ಟೂ ಕೆಂಪು ಇಳಿಯುತ್ತಿರಲಿಲ್ಲ.

ಗುರುಮಲ್ಲಮ್ಮ ಹೊಸ್ತಿಲ ಮೇಲೆ ಕೂತುಬಿಟ್ಟಳು. ಮೊದಲು ನಗು ಬಂತು. ಆಮೇಲೆ ಅದು ಎಲ್ಲಿಗೆ ಹೋಯಿತೋ. ಅತ್ತೆಗೆ ಹೇಳಬೇಕಲ್ಲ.

ಅವಳು ಆ ಪೊಟ್ಟಣವನ್ನು ಗಾಡಿಯಿಂದ ತೆಗೆದುಕೊಂಡಳು. ಅತ್ತೆಯ ಎಡಗಡೆ ಕೂತು, ಯಂತ್ರ ಸರಿಯಾಗಿ ಸಿಕ್ಕಿಸಿ, ಒಂದೊಂದೇ ಮಾತಾಗಿ ಹೇಳಿದಳು. ಬೇರು, ನೀರು, ಕಾಟಿ, ಕೆಂಪು. ಚನ್ನಾಜಮ್ಮ ಹುರುಳಿಯ ಮೇಲೆ ಕೈಯಾಡಿಸುತ್ತ ಕೇಳಿದರು. ಮುಗಿದ ಮೇಲೂ ಕೈಯಾಡಿಸುತ್ತಲೇ ಇದ್ದರು.

"ಹಂಗಾರೆ ಬಾಗ್ಲು ಮುಚ್ಚಿದ್ದು ನಾನೇ ಅನ್ನು."

"ನೀವೊಬ್ಬರೇ ಅಲ್ಲ ಅತ್ತೆ. ಊರೆಲ್ಲ."

"ಊರಿಗೆ ಹೇಳ್ಕೊಟ್ಟೋಳು ನಾನು ಕನ." ಹುರುಳಿಯಿಂದ ಒಂದು ಕಲ್ಲು ಆರಿಸಿ ಎಸೆದು ಕೇಳಿದರು, "ಕಾಟಿ ನೆಕ್ತಾವಾ?"

"ಸಾಲಾಗಿ ನಿಂತ್ಕೊಂಡು."

"ಪಾಪ. ಅವುಕ್ಕೆ ಬಾಯಿ ರುಚಿ ಆಗದೆ." ಪೊಟ್ಟಣವನ್ನು ಸೊಸೆಯ ಕೈಯಿಂದ ತೆಗೆದುಕೊಂಡು, ಬಿಚ್ಚಿ, ಉಪ್ಪನ್ನು ಮತ್ತೆ ಮಡಕೆಗೇ ಸುರಿದರು. ಒಂದು ಹರಳೂ ಕೆಳಗೆ ಬೀಳಲಿಲ್ಲ. "ಆಯ್ತು. ಈಗ ಏನು ಮಾಡ್ಬೇಕು ಕೇಳ್ಕೊಂಡು ಬಾ. ನಿಮ್ಮ ಸಾಯೇಬ್ರು ಏನಂತಾರೆ."

ಸಾಹೇಬರಿಗೆ ಹೇಳುವುದೂ ಸುಲಭವಿರಲಿಲ್ಲ. ಅನ್ನದಾನಿಯವರ ಲೇಖನ ಅರ್ಧ ಮುಗಿದಿತ್ತು. ಅವಳು ಹೇಳಿ ಮುಗಿಸಿದಾಗ ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಮತ್ತೆ ಹಾಕಿಕೊಂಡರು.

"ಅಂದ್ರ ಇಷ್ಟು ದಿನ ನಾ ನಿಮ್ಮನಿ ಉಪ್ಪು ಪರೀಕ್ಷಾ ಮಾಡೇನಿ."

"ನಮ್ಮನೇದೂ ಇತ್ತು ಸಾರ್."

"ತಿಂದೂ ನೋಡೇನಿ." ನಗುವಿಗೆ ಅವರ ಹೊಟ್ಟೆ ಕುಲುಕತೊಡಗಿತು. "ಉಪ್ಪು ತಿಂದ ಮನಿಗೆ ಎರಡು ಬಗೀಬಾರದು ಅಂತಾರ್ರಿ. ನಡೀರಿ, ಜಿಪ್ಸಮ್ ತರಸೂಣು. ಅದು ಮಣ್ಣಿನ ಉಪ್ಪನ್ನ ಸಡಿಲ ಮಾಡ್ತೈತಿ, ಮಳಿ ಬಂದ್ರ ತೊಳಕೊಂಡು ಹೋಗ್ತೈತಿ. ಆದ್ರ ಒಂದು. ಮ್ಯಾಲ ಇನ್ನೊಂದು ಹರಳು ಬೀಳಬಾರದು."

ಬೀಳದಂತೆ ನೋಡಿಕೊಂಡವರು ಚನ್ನಾಜಮ್ಮ. ಇಲಾಖೆಯವರು ಫಲಕ ಹಾಕುತ್ತೇವೆ ಎಂದರು. ಚನ್ನಾಜಮ್ಮ ಬೇಡವೆಂದು ಕೈಯಾಡಿಸಿ, ನಲ್ಲಿಯ ಕಟ್ಟೆಗೆ ಹೋಗಿ ಕೂತರು. ನೀರಿಗೆ ಬಂದ ಹೆಂಗಸರಿಗೆ ಬೇರು, ತಂತು, ವಿದ್ಯುತ್ತು ಯಾವುದನ್ನೂ ಹೇಳಲಿಲ್ಲ.

"ಬೆಟ್ಟಕ್ಕೆ ಬೀಪಿ ಅಂತೆ ಕನ್ರವ್ವ. ಡಾಕ್ಟ್ರು ನೋಡಿ ಹೇಳವ್ರೆ. ಉಪ್ಪು ಬುಡಬೇಕಂತೆ."

ಎಲ್ಲರಿಗೂ ಅರ್ಥವಾಯಿತು. ಮನೆಗೊಬ್ಬರಾದರೂ ಉಪ್ಪು ಬಿಟ್ಟವರಿದ್ದರು. ಪಕ್ಕದ ಮನೆಯ ದುಂಡಮ್ಮ ಮಾತ್ರ ಬಿಂದಿಗೆ ಸೊಂಟಕ್ಕೇರಿಸುತ್ತ, "ನಂಗೂ ಬೀಪಿ ಅದೆ. ನಾನೇನು ಉಪ್ಪು ಬುಟ್ಟಿದ್ದೀನಾ?" ಎಂದಳು.

"ಅದಕ್ಕೇ ನಿನ್ ಮೊಕ ಯಾವಾಗ್ಲೂ ಕೆಂಪು ದೀಪ," ಎಂದರು ಚನ್ನಾಜಮ್ಮ.

ಉಪ್ಪು ಹೊತ್ತ ಕೈಗಳೇ ಜಿಪ್ಸಮ್ಮಿನ ಬುಟ್ಟಿ ಹೊತ್ತವು. ಅನ್ನದಾನಿಯವರು ಪಂಚೆ ಎತ್ತಿಕಟ್ಟಿ ಎಲ್ಲರೊಂದಿಗೆ ಮಣ್ಣು ಕೆದಕಿದರು. ಮುಂಗಾರು ಹೊತ್ತಿಗೆ ಸರಿಯಾಗಿ ಬಂದು, ಬೆಟ್ಟದ ಮೈಮೇಲೆ ಹದವಾಗಿ ಸುರಿಯಿತು. ಕಾಟಿಗಳು ಕೆಲವು ದಿನ ಬಂದು ಮೂಸಿ ನೋಡಿ, ಏನೂ ಸಿಗದೆ, ಬೇಸರದಿಂದ ಕಂಬಕ್ಕೆ ಮೈ ಉಜ್ಜಿ ಹೋದವು.

ಗುರುಮಲ್ಲಮ್ಮ ದಿನವೂ ಕೆಲಸಕ್ಕೆ ಕೂತೊಡನೆ ಮೊದಲು ಆ ಒಂದು ಚುಕ್ಕೆಯನ್ನು ನೋಡುವಳು. ಕೆಂಪು. ಗಾಳಿ ತಿರುಗಿತು, ಆಷಾಢ ಹುಟ್ಟಿತು. ಕೆಂಪು. ಮನೆಯಲ್ಲಿ ಚನ್ನಾಜಮ್ಮ ಈಗ ಎರಡೆರಡು ಸಲ ಕರೆದರೆ ಮಾತ್ರ ತಿರುಗುತ್ತಿದ್ದರು.

ಆಷಾಢ ಇನ್ನೇನು ಮುಗಿಯಬೇಕು, ಒಂದು ಬೆಳಿಗ್ಗೆ ಯಂತ್ರ ಅಂದಿನ ದಾರಿಯನ್ನು ಪರದೆಯ ಮೇಲೆ ಎಳೆಯಿತು. ಗೆರೆ ಏಳುಚಿಲುಮೆಯ ಒರತೆಗಳನ್ನು ಸುತ್ತಿ ಬಂತು, ಹುಲ್ಲುಗಾವಲು ಹತ್ತಿತು, ಯಾವತ್ತೂ ಬಲಕ್ಕೆ ಹೊರಳುವ ಕಡೆ ಹೊರಳದೆ ನೆಟ್ಟಗೆ ಪಡುವಣದ ಕೊಂಬುಗಲ್ಲಿಗೆ ಹೋಯಿತು. ಗುರುಮಲ್ಲಮ್ಮ ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡಿದಳು. ಅವಳು ಯಾವ ಗುಂಡಿಯನ್ನೂ ಮುಟ್ಟಿರಲಿಲ್ಲ.

"ಸಾರ್," ಎಂದಳು, "ನನಗೆ ಇವತ್ತು ಅರ್ಧ ದಿನ ರಜೆ ಬೇಕು."

"ಅರ್ಧ ಯಾಕ್ರಿ?" ಎಂದು ಅನ್ನದಾನಿಯವರು ಅವಳ ಕುರ್ಚಿ ಎಳೆದು ಕೂತರು.

*

ಊರುಗೋಲು ಚನ್ನಾಜಮ್ಮನನ್ನು ಎಳೆಯಲಿಲ್ಲ. ಅವರೇ ಅದನ್ನು ಎಳೆದುಕೊಂಡು ಹೋದ ಹಾಗಿತ್ತು. ಮೊಮ್ಮಕ್ಕಳ ವಯಸ್ಸಿನ ಚಾರಣಿಗರು ದಾರಿ ಬಿಟ್ಟರು. ಅರ್ಧ ದಾರಿ ರಾಚಪ್ಪನ ಗಾಡಿಯಲ್ಲಿ, ಹಾಲಿನ ಕ್ಯಾನಿನ ಪಕ್ಕ ಕೂತು ಬಂದಿದ್ದರು. ಅವತ್ತು ಅವನು ಬೆಳಿಗ್ಗೆಯಿಂದ ಒಂದು ಲೋಟ ಟೀ ಕೂಡ ಮಾರಿರಲಿಲ್ಲ. ಅದರ ಚಿಂತೆಯೂ ಇರಲಿಲ್ಲ.

ಹುಲ್ಲಿನ ಕೊನೆಯಲ್ಲಿ ಕಂಬ ಹಸಿರಾಗಿ ಉರಿಯುತ್ತಿತ್ತು. ಚನ್ನಾಜಮ್ಮ ಅದರ ತಲೆಯನ್ನು ಕರುವಿನ ತಲೆ ಸವರುವಂತೆ ಸವರಿ ಮುಂದೆ ಹೋದರು. ಬಂಡೆಯ ಬುಡದಲ್ಲಿ ಕೂತು, ಕಿವಿಯ ಯಂತ್ರವನ್ನು ತೆಗೆದು ಸೊಸೆಯ ಅಂಗೈಯಲ್ಲಿಟ್ಟರು.

ಗಾಳಿ ಬಿತ್ತು, ಏನೂ ಆಗಲಿಲ್ಲ. ಮೋಡ ಒಂದು ಅವರ ಮೇಲಿಂದಲೇ ಹಾದುಹೋಗಿ ಎಲ್ಲರ ಕೂದಲನ್ನೂ ಒದ್ದೆ ಮಾಡಿತು. ಮತ್ತೆ ಗಾಳಿ, ಈ ಸಲ ಸ್ವಲ್ಪ ಓರೆಯಾಗಿ.

ಊದಿತು.

ಗುರುಮಲ್ಲಮ್ಮ ಅದನ್ನು ಕೇಳಿದ್ದು ಬೆನ್ನಿನಿಂದ. ಬಂಡೆಗೆ ಒರಗಿದ್ದಳು. ಅತ್ತೆಯ ಕಡೆ ನೋಡಿದಳು. ಅವರು ಎಡಗಿವಿಯನ್ನು ಕಲ್ಲಿಗೆ ಆನಿಸಿ, ಕಣ್ಣು ಮುಚ್ಚಿದ್ದರು. ತುಟಿ ಬಿಚ್ಚಿರಲಿಲ್ಲ, ಆದರೆ ಗಂಟಲ ಕೆಳಗೆ ಏನೋ ಅಲುಗುತ್ತಿತ್ತು. ಬಂಡೆ ಹಿಡಿದ ಕಡೆಯೇ ಅವರೂ ಹಿಡಿದಿದ್ದರು. ಗಾಳಿ ನಿಂತು ಬಂಡೆ ಸುಮ್ಮನಾದ ಮೇಲೂ ಆ ಸ್ವರ, ಸಣ್ಣಗೆ, ಅವರ ಎದೆಯಲ್ಲಿ ಮುಂದುವರಿಯುತ್ತಿತ್ತು. ಸುತ್ತ ಕೂತ ಹುಡುಗ ಹುಡುಗಿಯರಲ್ಲಿ ಯಾರೂ ಫೋನು ತೆಗೆಯಲಿಲ್ಲ.

ಬಾಯಿ ತೆರೆದರೆ ಚೆಲ್ಲಿಹೋಗುತ್ತದೇನೋ ಎಂಬಂತೆ, ತುಂಬಿದ ಬಿಂದಿಗೆ ಹೊತ್ತವರ ಹಾಗೆ ಅವರು ಬೆಟ್ಟ ಇಳಿದರು.

ಸಂಜೆ ದೀಪ ಹಚ್ಚಿದರು. ಅಡಿಗೆಮನೆಯ ಗೋಡೆಗೊರಗಿ ಕೂತು ಪದ್ಯ ಎತ್ತಿದರು. ದನಿ ಮುದಿಯಾಗಿತ್ತು, ನಿಂತ ಜಾಗ ಗಟ್ಟಿಯಾಗಿತ್ತು. ರಾಚಪ್ಪ ನಾಳೆ ದಾರಿ ಎಲ್ಲಿ ಎಂದು ಕೇಳುವುದನ್ನೂ ಮರೆತು ತಟ್ಟೆಯ ಮುಂದೆ ಕೂತಿದ್ದ. ಗುರುಮಲ್ಲಮ್ಮ ಒಲೆ ಸಣ್ಣ ಮಾಡಿದಳು. ಒಂದು ಸಂಧಿ ಮುಗಿಯಿತು, ಅವರು ಇನ್ನೊಂದಕ್ಕೆ ಹೋದರು.

ನಡುವೆ ಬಾಗಿಲಲ್ಲಿ ದುಂಡಮ್ಮ ಕಾಣಿಸಿಕೊಂಡಳು. ಪದ್ಯ ನಿಲ್ಲುವವರೆಗೆ ಕಾದು, ಒಳಗೆ ಬಂದು, ಚನ್ನಾಜಮ್ಮನ ಎಡಗಿವಿಗೆ ಬಾಗಿ ಜೋರಾಗಿ ಹೇಳಿದಳು, "ಅಕ್ಕೋ, ಒಂದು ಹಿಡಿ ಉಪ್ಪು ಕೊಡಿ."

"ಏನಕ್ಕೆ?"

"ನೆಲ್ಲಿದಿಣ್ಣೆ ಕಂಬ ಕೆಂಪಾಗದಂತೆ. ನೋಡಿದ್ರೆ ಕರುಳು ಚುರ್ ಅಂತದೆ. ಒಂದೇ ಹಿಡಿ."

ಚನ್ನಾಜಮ್ಮ ಕೂತಲ್ಲಿಂದಲೇ ಕೈ ಚಾಚಿ ಉಪ್ಪಿನ ಮಡಕೆಯನ್ನು ಎಳೆದು ಬೆನ್ನ ಹಿಂದಕ್ಕೆ ಸರಿಸಿಕೊಂಡರು.

"ಕೊಡಾಕಿಲ್ಲ."

"ಹೋಗ್ಲಿ, ಸಾರಿಗಾದ್ರೂ?"

"ಸಾರಿಗೂ ಕೊಡಾಕಿಲ್ಲ."